ಪ್ರವಾಸಿಗಳು ಕಂಡ ಅಲೆಕ್ಸಾಂಡ್ರಿಯ



ಒಂದು ರೇವುಪಟ್ಟಣವನ್ನು ಅಲ್ಲಿಯೇ ಹುಟ್ಟಿ ಬೆಳೆದವರು ನೋಡುವ ಬಗೆ ಒಂದು. ಹಡಗಿನಿಂದಿಳಿದು ಬಂದವರು ನೋಡುವ ಬಗೆ ಮತ್ತೊಂದು. ಊರಿನವರಿಗೆ ನಿತ್ಯದ್ದೆನಿಸಿ ಕಣ್ಣಿಗೇ ಬೀಳದ ಸಂಗತಿ ಹೊಸಬರಲ್ಲಿ ಬೆರಗನ್ನು ಹುಟ್ಟಿಸುತ್ತದೆ. ಊರಿನವರಿಗೆ ಅಂಗೈ ರೇಖೆಯಂತೆ ತಿಳಿದಿರುವ ವಿಷಯ ಹೊಸಬರಿಗೆ ಗೊತ್ತೇ ಆಗುವುದಿಲ್ಲ. ಹೀಗಿದ್ದರೂ ದೂರದೇಶದ ಪಟ್ಟಣಗಳ ವಿಷಯವಾಗಿ ನಮಗಿರುವ ತಿಳಿವಳಿಕೆಯಲ್ಲಿ ಬಹುಭಾಗ ಇಂಥ ಹೊಸಬರು ಬರೆದಿಟ್ಟದ್ದೇ ಆಗಿದೆ. ಆದಕಾರಣ ಪ್ರವಾಸಿಯ ಮಾತನ್ನು ಎಷ್ಟರಮಟ್ಟಿಗೆ ನಂಬಬೇಕು, ಅದನ್ನು ಹೇಗೆ ಓದಬೇಕು ಎಂಬುದು ಕೇವಲ ಪಂಡಿತರ ಪ್ರಶ್ನೆಯಲ್ಲ. ನಾವು ಕಾಣದ ಜನರ ವಿಷಯದಲ್ಲಿ ನಾವು ಕಟ್ಟಿಕೊಳ್ಳುವ ಅಭಿಪ್ರಾಯವೆಲ್ಲ ಅದನ್ನೇ ಅವಲಂಬಿಸಿದೆ. ಈ ಪ್ರಶ್ನೆಯನ್ನು ಉತ್ತರ ಆಫ್ರಿಕದ ಒಂದು ಜನನಿಬಿಡ ರೇವಿನ ಉದಾಹರಣೆಯಿಂದ ವಿವರಿಸಬೇಕೆಂದು ನಾವು ಉದ್ದೇಶಿಸಿದ್ದೇವೆ. ಆ ರೇವು ಈಜಿಪ್ಟ್ ದೇಶದ ಅಲೆಕ್ಸಾಂಡ್ರಿಯ. ಎರಡು ಸಾವಿರ ವರ್ಷಗಳಿಗೂ ಮಿಕ್ಕಿ ಅಲ್ಲಿಗೆ ಪ್ರವಾಸಿಗಳು ಬರುತ್ತಲೇ ಇದ್ದಾರೆ. ಬಂದವರು ಬರೆಯುತ್ತಲೂ ಇದ್ದಾರೆ.

ಮೊದಲು ಸ್ಥಳದ ಸ್ವರೂಪವನ್ನು ತಿಳಿದುಕೊಳ್ಳುವುದು ಅಗತ್ಯ. ಕ್ರಿ. ಪೂ. ೩೩೧ರಲ್ಲಿ ಅಲೆಕ್ಸಾಂಡರನು ಈ ಪಟ್ಟಣಕ್ಕೆ ಅಸ್ತಿಭಾರ ಹಾಕಿದನು. ಮುಂದೆ ಮೆಡಿಟರೇನಿಯನ್ ಸಮುದ್ರ. ಹಿಂದೆ ಮರೆಯೋಟಿಸ್ ಎಂಬ ಸರೋವರ. ನಡುವೆ ಒಂದು ಕಿರಿದಾದ ಸುಣ್ಣಕಲ್ಲಿನ ದಿಣ್ಣೆ. ದಡಕ್ಕೆ ಎದುರಾಗಿ ಫೇರೋಸ್ ಎಂಬ ಸಣ್ಣ ದ್ವೀಪವಿದ್ದಿತು. ದಡದಿಂದ ದ್ವೀಪಕ್ಕೆ ಏಳು ಸ್ಟೇಡಿಯ, ಎಂದರೆ ಮುಕ್ಕಾಲು ಮೈಲಿಯಷ್ಟು ಉದ್ದದ ಕಟ್ಟೆಯನ್ನು ಹಾಕಿದ್ದರಿಂದ ಅದರ ಪೂರ್ವಕ್ಕೊಂದು, ಪಶ್ಚಿಮಕ್ಕೊಂದು, ಹೀಗೆ ಎರಡು ಬಂದರುಗಳಾದುವು. ಕಾಲಕ್ರಮದಲ್ಲಿ ಕಟ್ಟೆಯ ಎರಡು ಪಕ್ಕಕ್ಕೂ ಹೂಳು ಸೇರಿ, ಕಟ್ಟೆಯೇ ಅಗಲವಾದ ನೆಲವಾಗಿ, ಅದರ ಮೇಲೆ ಮನೆಗಳೆದ್ದುವು. ಊರಿಗೆ ಸ್ವಂತ ನದಿಯಿಲ್ಲ. ನೈಲ್ ನದಿಯಿಂದ ತೋಡಿದ ಕಾಲುವೆಯೇ ಅದರ ಜೀವನಾಡಿಯಾಗಿದ್ದಿತು. ಕುಡಿಯುವ ನೀರೂ, ಒಳನಾಡಿನ ಸರಕೂ ಅದರಿಂದಲೇ ಬರಬೇಕಾಗಿದ್ದಿತು. ಈ ಕಾಲುವೆಯ ಮಾತನ್ನು ಶ್ರೋತೃಗಳು ನೆನಪಿನಲ್ಲಿಟ್ಟುಕೊಳ್ಳಬೇಕೆಂದು ಕೋರುತ್ತೇವೆ. ಪಟ್ಟಣದ ಏಳುಬೀಳುಗಳ ಕೀಲಿಕೈ ಅದರಲ್ಲಿದೆ.

ಸ್ಟ್ರಾಬೋ ಎಂಬ ಗ್ರೀಕ್ ಭೂಗೋಳಶಾಸ್ತ್ರಜ್ಞನು ಕ್ರಿ. ಪೂ. ೨೫ರ ಸುಮಾರಿನಲ್ಲಿ ಇಲ್ಲಿದ್ದನು. ಅವನದು ಲೆಕ್ಕಿಗನ ಕಣ್ಣು. ಬೀದಿಗಳಲ್ಲಿ ಕುದುರೆಗಳೂ ರಥಗಳೂ ಓಡಾಡಬಹುದೆಂದೂ, ಎರಡು ರಾಜಬೀದಿಗಳು ನೂರು ಅಡಿಗೂ ಹೆಚ್ಚು ಅಗಲವೆಂದೂ ಬರೆದಿದ್ದಾನೆ. ಇಲ್ಲಿಯ ಪ್ರಸಿದ್ಧ ದೀಪಸ್ತಂಭವು ಕ್ರಿ. ಪೂ. ೨೮೦ರ ಸುಮಾರಿಗೆ ಪೂರ್ಣವಾದದ್ದು. ನೂರು ಮೀಟರಿಗೂ ಎತ್ತರವಾಗಿದ್ದಿತೆಂದು ವಿದ್ವಾಂಸರ ಅಂದಾಜು. ಅಷ್ಟು ಎತ್ತರವೇಕೆ? ಸ್ಟ್ರಾಬೋ ಕೊಡುವ ಕಾರಣ ನೇರವಾದದ್ದು. ಆ ಕರಾವಳಿ ಎರಡು ಕಡೆಗೂ ತಗ್ಗಾದದ್ದು, ಬೆಟ್ಟವಿಲ್ಲ, ಗುಡ್ಡವಿಲ್ಲ, ನೀರೊಳಗೆ ಬಂಡೆಗಳೂ ಮರಳದಿಣ್ಣೆಗಳೂ ಅಡಗಿವೆ. ಹೊರಸಮುದ್ರದಿಂದ ಬರುವ ನಾವಿಕನಿಗೆ ಬಂದರಿನ ಬಾಯಿ ಎಲ್ಲಿದೆಯೆಂದು ತೋರಿಸಲು ಎತ್ತರವಾದ ಗುರುತು ಬೇಕಾಗಿದ್ದಿತು. ಜಗತ್ತಿನ ಏಳು ಅದ್ಭುತಗಳಲ್ಲೊಂದೆಂದು ಎಣಿಸಲ್ಪಟ್ಟ ಆ ಕಟ್ಟಡ ಮೊದಲು ಹುಟ್ಟಿದ್ದು ಹಡಗನ್ನು ಬಂಡೆಯಿಂದ ಉಳಿಸುವ ಉಪಾಯವಾಗಿ.

ನಮ್ಮ ದೇಶಕ್ಕೆ ಸಂಬಂಧಿಸಿದ ಒಂದು ಮಾತನ್ನೂ ಅವನು ಹೇಳುತ್ತಾನೆ. ಹಿಂದೆ ಇಪ್ಪತ್ತು ಹಡಗುಗಳೂ ಧೈರ್ಯಮಾಡಿ ಅರಬ್ಬೀ ಕೊಲ್ಲಿಯನ್ನು ದಾಟುತ್ತಿರಲಿಲ್ಲವೆಂದೂ, ತನ್ನ ಕಾಲದಲ್ಲಿ ಕೆಂಪು ಸಮುದ್ರದ ಮಯೋಸ್ ಹಾರ್ಮೋಸ್ ರೇವಿನಿಂದ ೧೨೦ ಹಡಗುಗಳು ಹಿಂದೂದೇಶಕ್ಕೆ ಹೋಗುತ್ತಿದ್ದುವೆಂದೂ ಅವನು ತಿಳಿಸಿದ್ದಾನೆ. ಆ ಹಡಗುಗಳು ತಂದ ಮೆಣಸು ಮೊದಲಾದ ಸರಕು ಒಂಟೆಗಳ ಮೇಲೆ ನೈಲ್ ನದಿಗೆ ಬಂದು, ದೋಣಿಗಳಲ್ಲಿ ತೇಲಿ, ಕಾಲುವೆಯ ಮೂಲಕ ಅಲೆಕ್ಸಾಂಡ್ರಿಯವನ್ನು ಸೇರುತ್ತಿದ್ದುವು. ಸಮುದ್ರದ ರೇವಿಗಿಂತ ಸರೋವರದ ರೇವಿಗೇ ಹೆಚ್ಚು ಸರಕು ಬರುತ್ತಿದ್ದಿತೆಂಬ ಅವನ ಮಾತಿನ ಅರ್ಥ ಇದರಿಂದ ಸ್ಪಷ್ಟವಾಗುತ್ತದೆ. ಸಮುದ್ರದಿಂದ ಮಾತ್ರ ನೋಡಿ ಹಿಂತಿರುಗಿದವನಿಗೆ ಈ ಪಟ್ಟಣದ ಸಂಪತ್ತಿನ ಮೂಲ ತಿಳಿಯುವಂತಿರಲಿಲ್ಲ. ಅದು ಅವನ ಬೆನ್ನ ಹಿಂದಿನ ಬಾಗಿಲಿನಿಂದ ಬರುತ್ತಿದ್ದಿತು.

ಕ್ರಿ. ಶ. ೬೪೨ರಲ್ಲಿ ಪಟ್ಟಣವು ಅರಬರ ಕೈಸೇರಿತು. ಅದಾದ ಐದು ಶತಮಾನಗಳ ತರುವಾಯ, ೧೧೮೩ರ ಮಾರ್ಚ್ ತಿಂಗಳಿನಲ್ಲಿ, ಸ್ಪೆಯಿನ್ ದೇಶದ ಗ್ರನಾಡದಿಂದ ಇಬ್ನ್ ಜುಬೈರ್ ಎಂಬ ರಾಜಲೇಖಕನು ಮಕ್ಕೆಯ ಯಾತ್ರೆಗೆಂದು ಹೊರಟು ಜಿನೋವದವರ ಹಡಗಿನಲ್ಲಿ ಇಲ್ಲಿ ಬಂದಿಳಿದನು. ಅವನು ಮೊದಲು ಕಂಡದ್ದು ದೀಪಸ್ತಂಭವನ್ನಲ್ಲ, ಸುಂಕದವರನ್ನು ಎಂದರೆ ತಪ್ಪಾಗಲಾರದು. ಸುಲ್ತಾನನ ಅಧಿಕಾರಿಗಳು ಹಡಗನ್ನೇರಿ, ಮುಸಲ್ಮಾನ ಪ್ರಯಾಣಿಕರನ್ನು ಒಬ್ಬೊಬ್ಬರನ್ನಾಗಿ ಕರೆದು, ಹೆಸರು, ಚಹರೆ, ಊರುಗಳನ್ನು ಬರೆದುಕೊಂಡರು. ಕೈಯಲ್ಲಿ ಎಷ್ಟು ಹಣ, ಎಷ್ಟು ಸರಕು ಎಂದು ಕೇಳಿ ಅದರ ಮೇಲೆ ಜಕಾತು ಹಾಕಿದರು. ಧರ್ಮಶಾಸ್ತ್ರದ ಪ್ರಕಾರ ಒಂದು ವರ್ಷಪೂರ್ತಿ ಒಬ್ಬನ ಬಳಿ ಉಳಿದ ಸೊತ್ತಿಗೆ ಮಾತ್ರ ಜಕಾತು ಸಲ್ಲಬೇಕು. ವರ್ಷ ತುಂಬಿದೆಯೋ ಇಲ್ಲವೋ ಎಂದು ಯಾರೂ ವಿಚಾರಿಸಲಿಲ್ಲ. ಅನೇಕರ ಬಳಿ ಇದ್ದುದು ದಾರಿಯ ಬುತ್ತಿ ಮಾತ್ರ. ಸುಂಕದ ಕಟ್ಟೆಯಲ್ಲಿ ನೂಕುನುಗ್ಗಲು, ಗಂಟುಮೂಟೆಗಳು ಒಂದರೊಳಗೊಂದು ಬೆರೆತುವು, ಕೆಲವು ಕಳೆದೇಹೋದುವು, ಸೊಂಟದ ಕಟ್ಟಿನೊಳಗೂ ಕೈಹಾಕಿ ಹುಡುಕಿದರು, ಅಷ್ಟಾದ ಮೇಲೆ, ಬೇರೇನನ್ನೂ ಬಚ್ಚಿಟ್ಟಿಲ್ಲವೆಂದು ಪ್ರಮಾಣ ಮಾಡಿಸಿದರು. ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡಂತೆ ಎಂಬ ನಮ್ಮ ನಾಡಿನ ಗಾದೆ ಆ ಯಾತ್ರಿಕನಿಗೆ ತಿಳಿದಿರಲಿಲ್ಲ. ಅದರ ಅರ್ಥ ಮಾತ್ರ ಚೆನ್ನಾಗಿ ತಿಳಿಯಿತು.

ಇಷ್ಟರಿಂದಲೇ ಅವನು ಊರನ್ನು ಜರೆದು ಮುಂದೆ ಸಾಗಿದ್ದರೆ ಅವನ ಗ್ರಂಥಕ್ಕೆ ಅಷ್ಟು ಬೆಲೆ ಬರುತ್ತಿರಲಿಲ್ಲ. ಅದೇ ಲೇಖನಿಯಿಂದ ಅವನು ಊರಿನ ಗುಣಗಳನ್ನೂ ಬರೆದನು. ದೂರದಿಂದ ಬಂದ ವಿದ್ಯಾರ್ಥಿಗಳಿಗೆ ವಸತಿ, ಉಪಾಧ್ಯಾಯ, ಸ್ನಾನಗೃಹಗಳ ಏರ್ಪಾಡಿದ್ದಿತು. ಕಾಯಿಲೆಬಿದ್ದ ಪರದೇಶಿಗಳಿಗಾಗಿ ಆಸ್ಪತ್ರೆಯೂ ವೈದ್ಯರೂ ಇದ್ದರು. ಪಶ್ಚಿಮದಿಂದ ಬಂದ ದಾರಿಹೋಕರಲ್ಲಿ ತಲೆಗೆ ದಿನಕ್ಕೆರಡು ರೊಟ್ಟಿ ದೊರೆಯುತ್ತಿದ್ದಿತು. ಜನರು ಹಗಲಿನಂತೆ ರಾತ್ರಿಯೂ ವ್ಯವಹಾರದಲ್ಲಿ ತೊಡಗಿರುತ್ತಿದ್ದರು. ನೆಲದ ಮೇಲಿನ ಊರಿನಂತೆಯೇ ನೆಲದ ಕೆಳಗೂ ಒಂದು ಕಟ್ಟಡವಿದ್ದು, ನೈಲ್ ನದಿಯ ನೀರು ಮನೆಗಳ, ಓಣಿಗಳ ಅಡಿಯಲ್ಲಿ ಹರಿದು ಬಾವಿಗಳನ್ನು ಸೇರುತ್ತಿದ್ದುದು ಅವನಿಗೆ ಬಹು ಆಶ್ಚರ್ಯವೆನಿಸಿತು. ಸುಂಕದವರ ಕಾಟ ಸುಲ್ತಾನ್ ಸಲಾವುದ್ದೀನನಿಗೆ ತಿಳಿದಿರಲಾರದು, ತಿಳಿದರೆ ನಿಲ್ಲಿಸುತ್ತಿದ್ದನು ಎಂದು ಅವನು ನಂಬಿದನು. ದೊರೆ ಒಳ್ಳೆಯವನು, ಕೆಳಗಿನವರೇ ಕೆಟ್ಟವರು ಎಂಬ ಈ ನಂಬಿಕೆ ಎಲ್ಲ ದೇಶದ ಪ್ರಜೆಗಳಲ್ಲಿಯೂ ಕಾಣತಕ್ಕದ್ದೇ. ಆದರೆ ಕ್ರೂಸೇಡರೊಡನೆ ಯುದ್ಧದಲ್ಲಿದ್ದ ದೊರೆಗೆ ರೇವಿನ ಸುಂಕ ದೊಡ್ಡ ಆದಾಯವಾಗಿದ್ದಿತೆಂಬುದನ್ನೂ ನಾವು ಮರೆಯಬಾರದು.

ಅದೇ ಶತಮಾನದಲ್ಲಿ ಬಂದ ತುದೇಲದ ಬೆಂಜಮಿನ್ ಎಂಬ ಯೆಹೂದಿ ಪ್ರವಾಸಿಯು ಈ ಪಟ್ಟಣವನ್ನು ಸಕಲದೇಶಗಳ ಸಂತೆಯೆಂಬಂತೆ ವರ್ಣಿಸಿದ್ದಾನೆ. ಒಂದೊಂದು ದೇಶದ ವರ್ತಕರಿಗೂ ಬೇರೆಬೇರೆಯಾದ ಛತ್ರ. ಅದನ್ನು ಅರಬರು ಫುಂದುಕ್ ಎನ್ನುತ್ತಿದ್ದರು. ಕೆಳಗೆ ಮಳಿಗೆ, ಮೇಲೆ ವಸತಿ, ನಡುವೆ ಅಂಗಳ. ಹಿಂದೂದೇಶದ ಸಂಬಾರಪದಾರ್ಥಗಳು ಇಲ್ಲಿಗೆ ಬರುತ್ತಿದ್ದುವು. ಯುರೋಪಿನ ವರ್ತಕರು ಅವನ್ನು ಕೊಳ್ಳುತ್ತಿದ್ದರು.

ಇನ್ನು ಪ್ರವಾಸಿಗಳಲ್ಲಿ ಅಗ್ರಗಣ್ಯನಾದ ಇಬ್ನ್ ಬತೂತನ ವಿಷಯ. ಮೊರಾಕೋ ದೇಶದ ಟಾಂಜಿಯರಿನಲ್ಲಿ ೧೩೦೪ರಲ್ಲಿ ಹುಟ್ಟಿದ ಇವನು ೧೩೨೬ರ ಏಪ್ರಿಲ್ ತಿಂಗಳಿನಲ್ಲಿ ಅಲೆಕ್ಸಾಂಡ್ರಿಯಕ್ಕೆ ಬಂದಾಗ ಇಪ್ಪತ್ತೆರಡು ವರ್ಷದ ತರುಣ. ಈ ರೇವಿಗೆ ಸಮನಾದದ್ದನ್ನು ಲೋಕದಲ್ಲಿ ಬಹು ಕಡಮೆ ಕಂಡೆನೆಂದು ಹೇಳಿ, ಅಪವಾದಗಳಾಗಿ ಹಿಂದೂದೇಶದ ಕೊಲ್ಲಂ, ಕಲ್ಲಿಕೋಟೆಗಳನ್ನೂ, ಕ್ರಿಮಿಯದ ಸುದಾಕನ್ನೂ, ಚೀನದ ಜೈತೂನನ್ನೂ ಹೆಸರಿಸಿದ್ದಾನೆ. ಇದನ್ನೋದಿ ನಮಗೆ ಸಂತೋಷವಾಗುವುದು ಸಹಜ. ಆದರೆ ಸ್ವಲ್ಪ ವಿಚಾರ ಮಾಡಬೇಕು. ೧೩೨೬ರಲ್ಲಿ ಅವನು ಕೊಲ್ಲವನ್ನಾಗಲಿ ಕಲ್ಲಿಕೋಟೆಯನ್ನಾಗಲಿ ನೋಡಿರಲಿಲ್ಲ. ಅವನ ಪ್ರವಾಸವೆಲ್ಲ ಮುಗಿದ ಮೇಲೆ, ಮೊರಾಕೋ ಸುಲ್ತಾನನ ಅಪ್ಪಣೆಯಂತೆ, ಇಬ್ನ್ ಜುಜೈ ಎಂಬ ವಿದ್ವಾಂಸನು ಅವನು ಹೇಳಿದ್ದನ್ನು ಬರೆದುಕೊಂಡು ೧೩೫೫ರಲ್ಲಿ ಗ್ರಂಥವನ್ನು ಮುಗಿಸಿದನು. ಆದ್ದರಿಂದ ಅಲೆಕ್ಸಾಂಡ್ರಿಯವನ್ನು ಕುರಿತು ನಾವು ಓದುವುದು ತರುಣನ ಪ್ರಥಮದರ್ಶನವನ್ನಲ್ಲ. ಲೋಕವನ್ನೆಲ್ಲ ಸುತ್ತಿ ಬಂದ ಐವತ್ತು ವರ್ಷದವನ ತೀರ್ಮಾನವನ್ನು. ಪ್ರವಾಸಕಥನದಲ್ಲಿ ಕಂಡ ಕಾಲ ಒಂದು, ಹೇಳಿದ ಕಾಲ ಇನ್ನೊಂದು. ಇದನ್ನು ತಿಳಿದರೆ ಅವನ ಮಾತಿನ ಬೆಲೆ ಕುಗ್ಗುವುದಿಲ್ಲ, ಹೆಚ್ಚುತ್ತದೆ. ಏಕೆಂದರೆ ಹೋಲಿಸಿ ನೋಡುವ ಅಧಿಕಾರ ಅವನಿಗೆ ಬಂದದ್ದು ಆಮೇಲೆಯೇ.

ಆ ಪಟ್ಟಣದಲ್ಲಿ ಬುರ್ಹಾನುದ್ದೀನನೆಂಬ ಸಾಧುವು ಅವನನ್ನು ನೋಡಿ, ನೀನು ಹಿಂದೂದೇಶ, ಸಿಂಧ್, ಚೀನಗಳಲ್ಲಿರುವ ನನ್ನ ಸೋದರರನ್ನು ಕಂಡು ನನ್ನ ವಂದನೆಯನ್ನು ತಿಳಿಸುವೆಯೆಂದು ಭವಿಷ್ಯ ನುಡಿದನಂತೆ. ಅಲ್ಲಿಯವರೆಗೆ ಆ ದೇಶಗಳಿಗೆ ಹೋಗುವ ಆಲೋಚನೆಯೇ ತನಗಿರಲಿಲ್ಲವೆಂದು ಅವನು ಹೇಳಿಕೊಂಡಿದ್ದಾನೆ. ಮುಂದೆ ಅವನು ದೆಹಲಿಯಲ್ಲಿದ್ದು, ೧೩೪೦ರ ದಶಕದಲ್ಲಿ ನಮ್ಮ ಕರಾವಳಿಗೂ ಬಂದನು. ಹೊನ್ನಾವರದಲ್ಲಿ ಹೆಣ್ಣುಮಕ್ಕಳಿಗೆ ೧೩, ಗಂಡುಮಕ್ಕಳಿಗೆ ೨೩ ಪಾಠಶಾಲೆಗಳಿದ್ದುವೆಂದು ಬರೆದವನು ಇವನೇ. ಬಾರಕೂರು, ಮಂಗಳೂರುಗಳನ್ನೂ ಅವನು ಕಂಡನು. ಮಂಗಳೂರಿನಲ್ಲಿ ಪಾರಸ, ಯೆಮನ್ ದೇಶಗಳ ವರ್ತಕರು ಇಳಿಯುತ್ತಿದ್ದರೆಂದೂ ಮೆಣಸೂ ಶುಂಠಿಯೂ ಅಲ್ಲಿ ಹೇರಳವೆಂದೂ ತಿಳಿಸಿದ್ದಾನೆ. ಪಶ್ಚಿಮಕರಾವಳಿಯ ಮೆಣಸು ಏಡನ್ನಿನ ಮಾರ್ಗವಾಗಿ ಕೆಂಪು ಸಮುದ್ರವನ್ನೇರಿ ಅಲೆಕ್ಸಾಂಡ್ರಿಯದಲ್ಲಿ ವೆನಿಸಿನವರ ಕೈಸೇರುತ್ತಿದ್ದಿತು. ಆ ಸರಪಳಿಯ ಎರಡು ಕೊನೆಗಳನ್ನೂ ಕಣ್ಣಾರೆ ಕಂಡು ಬರೆದವರು ವಿರಳ. ಇಬ್ನ್ ಬತೂತನು ಅವರಲ್ಲೊಬ್ಬನು.

ದೀಪಸ್ತಂಭದ ವಿಷಯದಲ್ಲಿ ಅವನ ಸಾಕ್ಷ್ಯ ಇನ್ನೂ ಅಮೂಲ್ಯವಾದದ್ದು. ೧೩೦೩, ೧೩೨೩ರ ಭೂಕಂಪಗಳಿಂದ ಅದು ಬಹಳ ಜಖಂಗೊಂಡಿದ್ದಿತು. ಮೊದಲ ಸಲ ಅವನು ನೋಡಿದಾಗ ಒಂದು ಮುಖ ಬಿದ್ದುಹೋಗಿದ್ದಿತು. ೧೩೪೯ರಲ್ಲಿ ಮತ್ತೆ ನೋಡಿದಾಗ ಬಾಗಿಲಿನವರೆಗೆ ಹತ್ತಿ ಒಳಗೆ ಹೋಗುವುದೇ ಸಾಧ್ಯವಿರಲಿಲ್ಲ. ಅದೇ ಸ್ಥಳದಲ್ಲಿ ಸುಲ್ತಾನ್ ಕೈತ್‌ಬೇ ೧೪೭೭ರಲ್ಲಿ ಕೋಟೆಯನ್ನು ಕಟ್ಟಲಾರಂಭಿಸಿದನು. ಆ ಕೋಟೆ ಇಂದಿಗೂ ನಿಂತಿದೆ. ಮಹಾಮಾರಿಯ ವರ್ಷಗಳಲ್ಲಿ ಮರಳಿ ಬಂದ ಇಬ್ನ್ ಬತೂತನಿಗೆ, ಪಟ್ಟಣದಲ್ಲಿ ದಿನಕ್ಕೆ ೧,೦೮೦ ಮಂದಿಯವರೆಗೆ ಸತ್ತರೆಂಬ ಸುದ್ದಿ ಕೇಳಿಬಂದಿತು. ಸರಕು ಬರುವ ದಾರಿಯಲ್ಲಿಯೇ ಸಾವೂ ಬರುತ್ತದೆಂಬುದು ರೇವುಪಟ್ಟಣಗಳ ಹಣೆಯಬರಹ.

ಅನಂತರ ಪಟ್ಟಣ ಕ್ಷೀಣಿಸಿತು. ವಾಸ್ಕೋ ಡ ಗಾಮನು ೧೪೯೮ರಲ್ಲಿ ಕಲ್ಲಿಕೋಟೆಗೆ ಬಂದದ್ದೇ ಇದಕ್ಕೆ ಕಾರಣವೆಂದು ಸಾಮಾನ್ಯವಾಗಿ ಹೇಳುತ್ತಾರೆ. ಅದು ಪೂರ್ಣ ಸತ್ಯವಲ್ಲ. ಕೆಂಪು ಸಮುದ್ರದ ಮೆಣಸಿನ ವ್ಯಾಪಾರ ಹದಿನಾರನೆಯ ಶತಮಾನದಲ್ಲಿಯೂ ಚೇತರಿಸಿಕೊಂಡು ನಡೆದದ್ದುಂಟು. ಅದರ ಜೊತೆಗೆ ನೈಲ್ ಕಾಲುವೆ ಹೂಳಿನಿಂದ ಮುಚ್ಚುತ್ತ ಬಂದದ್ದೂ ಒಂದು ದೊಡ್ಡ ಕಾರಣ. ಒಳನಾಡಿನ ದೋಣಿಗಳು ರೊಸೆಟ್ಟ ಎಂಬ ಬೇರೆ ರೇವನ್ನು ಹಿಡಿದುವು. ೧೭೯೮ರ ಜುಲೈ ತಿಂಗಳಿನಲ್ಲಿ ನೆಪೋಲಿಯನ್ ತನ್ನ ಸೈನ್ಯವನ್ನು ಇಳಿಸಿದಾಗ, ಒಂದು ಕಾಲಕ್ಕೆ ಲಕ್ಷಾಂತರ ಜನರಿದ್ದ ಪಟ್ಟಣದಲ್ಲಿ ಉಳಿದಿದ್ದವರು ಕೆಲವೇ ಸಾವಿರ ಮಂದಿ.

ಪುನರುಜ್ಜೀವನವೂ ಕಾಲುವೆಯಿಂದಲೇ ಆಯಿತು. ೧೮೦೫ರಿಂದ ಈಜಿಪ್ಟನ್ನು ಆಳಿದ ಮಹಮ್ಮದ್ ಅಲಿಯು ಸುಮಾರು ೪೫ ಮೈಲಿ ಉದ್ದದ ಮಹಮೂದಿಯಾ ಕಾಲುವೆಯನ್ನು ತೋಡಿಸಿದನು. ೧೮೨೦ರಲ್ಲಿ ಅದು ಮುಗಿಯಿತು. ಹಳ್ಳಿಗಳಿಂದ ಬಿಟ್ಟಿಹಿಡಿದು ತಂದ ರೈತರು ಅದನ್ನು ಅಗೆದರು. ಅವರಲ್ಲಿ ಸಾವಿರಾರು ಮಂದಿ ಹಸಿವು, ರೋಗ, ಬಳಲಿಕೆಗಳಿಂದ ಅಲ್ಲಿಯೇ ಸತ್ತರು. ಆ ಕಾಲುವೆಯ ಮೇಲೆ ಹತ್ತಿಯ ಅಂಡಿಗೆಗಳು ತೇಲಿಬಂದುವು. ಇಂಗ್ಲೆಂಡಿನಿಂದ ಹಿಂದೂದೇಶಕ್ಕೆ ಹೊರಟ ಪ್ರಯಾಣಿಕರೂ ಅದೇ ನೀರಿನ ಮೇಲೆ ಸಾಗಿದರು. ಅಲೆಕ್ಸಾಂಡ್ರಿಯದಲ್ಲಿ ಇಳಿದು, ಕಾಲುವೆಯಲ್ಲಿ ದೋಣಿ, ನೈಲ್ ನದಿಯಲ್ಲಿ ಹೊಗೆಹಡಗು, ಕೈರೋದಿಂದ ಸೂಯೆಜಿಗೆ ೮೪ ಮೈಲಿ ಮರಳುಗಾಡಿನಲ್ಲಿ ಗಾಡಿ: ಹೀಗಿದ್ದಿತು ಆ ಮಾರ್ಗ. ೧೮೫೬ರಲ್ಲಿ ಕೈರೋವರೆಗೆ ರೈಲುಮಾರ್ಗವೂ ಬಂದಿತು. ೧೮೬೯ರಲ್ಲಿ ಸೂಯೆಜ್ ಕಾಲುವೆ ತೆರೆದ ಮೇಲೆ ಹಿಂದೂದೇಶದ ಪ್ರಯಾಣಿಕರು ಪೋರ್ಟ್ ಸೈದಿನ ದಾರಿ ಹಿಡಿದರು.

ಕಲ್ಕತ್ತೆಯಲ್ಲಿ ೧೮೧೧ರಲ್ಲಿ ಹುಟ್ಟಿದ ಆಂಗ್ಲ ಕಾದಂಬರಿಕಾರ ಥ್ಯಾಕರೆಯು ೧೮೪೪ರಲ್ಲಿ ಇಲ್ಲಿಗೆ ಬಂದನು. ಹಿಂದಿನ ರಾತ್ರಿ ಹಡಗಿನ ಮೇಲೆ ಬೆಳದಿಂಗಳಿನಲ್ಲಿ ಕುಳಿತು, ಪ್ರಾಚೀನ ಈಜಿಪ್ಟಿನ ಗಂಭೀರಭಾವಗಳಿಗೆ ಮನಸ್ಸನ್ನು ಅಣಿಮಾಡಿಕೊಂಡಿದ್ದನಂತೆ. ಬೆಳಿಗ್ಗೆ ಇಳಿದು ನೋಡಿದರೆ ತನ್ನ ದೇಶದ ಪೋರ್ಟ್ಸ್‌ಮತ್ ರೇವಿನಂಥದೇ ಕಟ್ಟೆ, ಅಂಥವೇ ಅಂಗಡಿಗಳು. ಜೊತೆಗೆ ಬಾಡಿಗೆಯ ಕತ್ತೆಗಳನ್ನು ಮುಂದೊಡ್ಡಿ ಕೂಗುವ ಹುಡುಗರು. ಅವನ ಬರಹದಲ್ಲಿ ನಗೆಯುಂಟು, ನಿರಾಶೆಯೂ ಉಂಟು. ಈ ನಿರಾಶೆಗೆ ಕಾರಣ ಊರೇ? ಇಪ್ಪತ್ತೈದು ವರ್ಷಗಳಲ್ಲಿ ಹತ್ತಿಯಿಂದಲೂ ಹೊಗೆಹಡಗುಗಳಿಂದಲೂ ಹೊಸದಾಗಿ ಎದ್ದ ರೇವು ಅದು; ಪೋರ್ಟ್ಸ್‌ಮತ್ತನ್ನು ಹೋಲಿದ್ದರಲ್ಲಿ ಆಶ್ಚರ್ಯವಿಲ್ಲ. ಅವನು ಹುಡುಕಿಬಂದದ್ದು ಪುಸ್ತಕದಲ್ಲಿನ ಊರನ್ನು; ಎದುರಿಗಿದ್ದುದು ದುಡಿಯುವ ಊರು.

ಮತ್ತೊಬ್ಬ ಆಂಗ್ಲ ಲೇಖಕ ಫಾರ್ಸ್ಟರನದು ಬೇರೆ ಬಗೆ. ಮೊದಲನೆಯ ಮಹಾಯುದ್ಧದಲ್ಲಿ, ೧೯೧೫ರಲ್ಲಿ, ರೆಡ್ ಕ್ರಾಸ್ ಸಂಸ್ಥೆಯ ಪರವಾಗಿ ಬಂದು, ಆಸ್ಪತ್ರೆಗಳಲ್ಲಿ ಗಾಯಾಳುಗಳನ್ನು ಕಂಡು ಕಾಣೆಯಾದ ಸೈನಿಕರ ಸುದ್ದಿಯನ್ನು ವಿಚಾರಿಸುವುದು ಅವನ ಕೆಲಸವಾಗಿದ್ದಿತು. ಮೂರು ವರ್ಷಕ್ಕೂ ಹೆಚ್ಚು ಕಾಲ ನಿಂತು, ನಡೆದು, ಟ್ರಾಮಿನಲ್ಲಿ ಸುತ್ತಿ, ಅಲ್ಲಿಯ ಗ್ರೀಕ್ ಕವಿ ಕವಾಫಿಯ ಸ್ನೇಹವನ್ನು ಸಂಪಾದಿಸಿ, ೧೯೨೨ರಲ್ಲಿ ಪಟ್ಟಣದ ಚರಿತ್ರೆಯನ್ನೂ ಮಾರ್ಗದರ್ಶಿಯನ್ನೂ ಒಂದೇ ಪುಸ್ತಕವಾಗಿ ಪ್ರಕಟಿಸಿದನು. ಅದು ಇಂದಿಗೂ ಓದತಕ್ಕ ಗ್ರಂಥ. ಆದರೆ ಗ್ರೀಕರ ಕಾಲಕ್ಕೆ ಮೀಸಲಾದ ಪ್ರೀತಿ ಅದರಲ್ಲಿ ಅರಬರ ಕಾಲಕ್ಕೆ ದೊರೆಯಲಿಲ್ಲ. ಸಾವಿರಕ್ಕೂ ಮಿಕ್ಕ ವರ್ಷಗಳು ಕೆಲವೇ ಪುಟಗಳಲ್ಲಿ ಮುಗಿದುಹೋದುವು. ಇಬ್ನ್ ಜುಬೈರನ ಆಸ್ಪತ್ರೆಯೂ ಇಬ್ನ್ ಬತೂತನ ಜನಭರಿತ ರೇವೂ ಇದ್ದುದು ಆ ವರ್ಷಗಳಲ್ಲಿಯೇ. ಸಹೃದಯನೂ ಶ್ರಮಶೀಲನೂ ಆದ ಪ್ರವಾಸಿಯೊಬ್ಬನು ಬರಿದೆಂದು ಬಿಟ್ಟ ಜಾಗ ಇನ್ನೊಬ್ಬನ ಗ್ರಂಥದಲ್ಲಿ ತುಂಬಿ ತುಳುಕುತ್ತಿರಬಹುದು. ಒಬ್ಬನೇ ಪ್ರವಾಸಿಯನ್ನು ಓದಿ ಒಂದು ಊರನ್ನು ತಿಳಿದೆವೆಂದುಕೊಳ್ಳುವುದು ಇದಕ್ಕಾಗಿಯೇ ಅಪಾಯ.

ಇವರೆಲ್ಲರ ಗ್ರಂಥಗಳಲ್ಲಿಯೂ ಹಮಾಲಿಗಳು, ಕತ್ತೆಯ ಹುಡುಗರು, ದೋಣಿಯವರು ಬರುತ್ತಾರೆ; ಆದರೆ ಅವರು ಮಾತನಾಡುವುದಿಲ್ಲ, ಕೂಗುತ್ತಾರೆ ಅಷ್ಟೆ. ಅವರ ಮಾತು ಕೇಳಬೇಕಾದರೆ ಊರಿನವರನ್ನೇ ಕೇಳಬೇಕು. ೧೮೯೩ರಲ್ಲಿ ಅಲೆಕ್ಸಾಂಡ್ರಿಯದಲ್ಲಿ ಹುಟ್ಟಿದ ಬೈರಮ್ ಅಲ್ ತೂನಿಸಿ ಎಂಬ ಕವಿಯು ಆಡುನುಡಿಯಲ್ಲಿ ಬರೆದು, ಪಟ್ಟಣಸಭೆಯವರ ತೆರಿಗೆಗಳನ್ನು ಲೇವಡಿಮಾಡಿ ಪ್ರಸಿದ್ಧನಾದನು. ಏಳು ಶತಮಾನಗಳ ಹಿಂದೆ ಯಾತ್ರಿಕನಿಟ್ಟ ಮೊರೆಯನ್ನೇ ಊರಿನವನೂ ಇಟ್ಟಂತಾಯಿತು. ಅದಕ್ಕೆ ಒಂದು ವರ್ಷ ಮುಂಚೆ ಅಲ್ಲಿಯೇ ಹುಟ್ಟಿದ ಸಯ್ಯದ್ ದರ್ವೀಶನು ಗಾರೆಕೆಲಸದವರ ಜೊತೆ ದುಡಿದು, ಮುಂದೆ ಹಮಾಲಿಗಳ, ಕೂಲಿಗಳ ದನಿಯನ್ನು ಸಂಗೀತಕ್ಕೆ ತಂದನು. ಅವನು ೧೯೨೩ರಲ್ಲಿ ತೀರಿಕೊಂಡನು. ಅವನ ರಾಗ ೧೯೭೯ರಲ್ಲಿ ಈಜಿಪ್ಟಿನ ರಾಷ್ಟ್ರಗೀತೆಯಾಯಿತು. ೧೮೮೨ರ ಜುಲೈ ೧೧ರಂದು ಬ್ರಿಟಿಷ್ ನೌಕಾಪಡೆ ಇದೇ ಪಟ್ಟಣದ ಮೇಲೆ ಗುಂಡು ಸುರಿಸಿದಾಗ ಪೇಟೆಯ ನಡುಭಾಗ ಸುಟ್ಟುಹೋದುದನ್ನೂ, ೧೯೫೬ರ ಜುಲೈ ೨೬ರಂದು ಇಲ್ಲಿಯ ಮೈದಾನದಲ್ಲಿ ಅಧ್ಯಕ್ಷ ನಾಸರ್ ಸೂಯೆಜ್ ಕಾಲುವೆಯನ್ನು ರಾಷ್ಟ್ರದ ಸ್ವತ್ತೆಂದು ಸಾರಿದುದನ್ನೂ ಬರಿಯ ಹೊರಗಿನವರ ನೆನಪಿನಿಂದ ಅರಿಯಲಾಗುವುದಿಲ್ಲ. ಆ ಘೋಷಣೆಯ ತರುವಾಯದ ವರ್ಷಗಳಲ್ಲಿ ಅಲ್ಲಿ ತಲೆತಲಾಂತರದಿಂದಿದ್ದ ಗ್ರೀಕ್, ಇಟಾಲಿಯನ್, ಯೆಹೂದಿ ಕುಟುಂಬಗಳು ಬಹುಮಟ್ಟಿಗೆ ಊರು ಬಿಟ್ಟುವು. ಹೋದವರಿಗೆ ಅದು ಮನೆಯನ್ನು ಕಳೆದುಕೊಂಡ ದುಃಖ; ಉಳಿದ ಬಹುಮಂದಿಗೆ ತಮ್ಮ ಊರು ತಮಗೆ ಸಿಕ್ಕಿದ ಹಿಗ್ಗು. ಎರಡೂ ನಿಜವೆಂಬುದನ್ನು ಒಪ್ಪಿಕೊಳ್ಳದೆ ಆ ಪಟ್ಟಣದ ಈಚಿನ ಚರಿತ್ರೆ ಅರ್ಥವಾಗಲಾರದು.

ಹಾಗಾದರೆ ಪ್ರವಾಸಕಥನಗಳನ್ನು ಓದಬಾರದೇ? ಅವಶ್ಯವಾಗಿ ಓದಬೇಕು. ಸ್ಟ್ರಾಬೋ ಇಲ್ಲದಿದ್ದರೆ ೧೨೦ ಹಡಗುಗಳ ವಿಷಯ ನಮಗೆ ತಿಳಿಯುತ್ತಿರಲಿಲ್ಲ. ಇಬ್ನ್ ಬತೂತನಿಲ್ಲದಿದ್ದರೆ ಹೊನ್ನಾವರದ ಹೆಣ್ಣುಮಕ್ಕಳ ಪಾಠಶಾಲೆಗಳ ಸುದ್ದಿಯೇ ಉಳಿಯುತ್ತಿರಲಿಲ್ಲ. ಊರಿನವರು ಬರೆಯುವ ಅಗತ್ಯವೇ ಇಲ್ಲವೆಂದು ಬಿಟ್ಟದ್ದನ್ನು ಬರೆದಿಟ್ಟ ಉಪಕಾರ ಅವರದು. ಆದರೆ ಓದುವಾಗ, ಇವನು ಯಾವ ಬಾಗಿಲಿನಿಂದ ಬಂದನು, ಎಷ್ಟು ದಿನ ನಿಂತನು, ಕಂಡದ್ದೆಂದು, ಬರೆದದ್ದೆಂದು, ಯಾರೊಡನೆ ಮಾತನಾಡಿದನು ಎಂದು ಕೇಳಿಕೊಳ್ಳುವುದು ಒಳ್ಳೆಯದು. ೨೦೦೨ರಲ್ಲಿ ಅದೇ ಕಡಲದಂಡೆಯಲ್ಲಿ ಹೊಸದೊಂದು ಮಹಾಗ್ರಂಥಾಲಯ ತೆರೆಯಿತು. ಅಂಥ ಕಡೆ ಅರಬ್ಬಿಯ ಗ್ರಂಥಗಳೂ ಗ್ರೀಕಿನವೂ ಅಕ್ಕಪಕ್ಕದಲ್ಲಿರುವುದು ಯುಕ್ತವೇ ಆಗಿದೆ. ನಮ್ಮ ಮನೆಯ ಬೀರುವಿನಲ್ಲಿಯೂ ಒಂದು ಊರನ್ನು ಕುರಿತು ಒಬ್ಬ ಹೊರಗಿನವನ ಪುಸ್ತಕವಿದ್ದರೆ, ಅದರ ಪಕ್ಕದಲ್ಲಿ ಆ ಊರಿನವನೊಬ್ಬನ ಪುಸ್ತಕಕ್ಕೂ ಸ್ಥಳವಿರಲಿ.